ಗೆಡ್ಡೆಗೂ ಜಾತಿ ಪ್ರಮಾಣಪತ್ರ

ಬೆಂಗಳೂರು ರೋಸ್ ಈರುಳ್ಳಿಯನ್ನು ಬೆಂಗಳೂರಿನವರು ತಿನ್ನುವುದು ಅಪರೂಪ. ಗೋಲಿಗಿಂತ ತುಸು ದಪ್ಪ, ಕಡುಗೆಂಪು, ಘಾಟೆಂದರೆ ಘಾಟು. ಒಂದು ಸಾರಿಗಾಗುವಷ್ಟು ಸುಲಿಯುವಷ್ಟರಲ್ಲಿ ಕುಕ್ಕರ್ ನಾಲ್ಕು ವಿಸಿಲ್ ಹಾಕಿ ಸುಮ್ಮನಾಗಿರುತ್ತದೆ. ಚಿಕ್ಕಬಳ್ಳಾಪುರ, ಕೋಲಾರ, ಬೆಂಗಳೂರು ಗ್ರಾಮಾಂತರದ ರೈತರು ಅದನ್ನು ಬೆಳೆಯುವುದೇ ಮಲೇಷ್ಯಾ, ಸಿಂಗಪುರ, ಶ್ರೀಲಂಕಾದವರಿಗೆ. ಬಂದರಿಗೆ ಹೋಗಲಿಲ್ಲವೋ, ತಿಪ್ಪೆಗೆ ಹೋಯಿತು.

ಈ ಈರುಳ್ಳಿ ದೇಶ ಬಿಟ್ಟರೆ ನಮ್ಮ ಒಗ್ಗರಣೆಯ ಗತಿಯೇನು ಎಂದು ದೆಹಲಿ ಬೆಚ್ಚಿಬಿದ್ದದ್ದು ಒಂದು ಸಲವಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಈರುಳ್ಳಿ ರಫ್ತು ಬಂದ್. ತಿಂಗಳು ಬಿಟ್ಟು ‘ಹೋಗ್ಲಿ ಬಿಡಿ, ರೋಸ್ 9,000 ಟನ್ ಕಳಿಸಿ, ಚೆನ್ನೈಯಿಂದ ಮಾತ್ರ’ ಎಂಬ ಅಪ್ಪಣೆ. 2020ರ ಸೆಪ್ಟೆಂಬರ್‌ನಲ್ಲಿ ಮತ್ತೆ ಬಂದ್. ಅಕ್ಟೋಬರ್‌ನಲ್ಲಿ 10,000 ಟನ್‌ಗೆ ಅಪ್ಪಣೆ. 2023ರ ಆಗಸ್ಟ್ 19ಕ್ಕೆ ಶೇ 40 ರಫ್ತು ಸುಂಕ. ಸೆಪ್ಟೆಂಬರ್ ಕೊನೆಗೆ ರೋಸ್‌ಗೆ ವಿನಾಯಿತಿ. 2024ರ ಮೇ 4ಕ್ಕೆ, ನಡುವೆ ಬಂದಿದ್ದ ರಫ್ತು ನಿಷೇಧ ಎತ್ತಿ, ಪುನಃ ಶೇ 40. ಮೇ ಕೊನೆಗೆ ಪುನಃ ವಿನಾಯಿತಿ. ನಾಲ್ಕು ಸಲವೂ ಅದೇ ಗೆಡ್ಡೆ, ಅದೇ ಗೋಳು. ಕಡತಕ್ಕೆ ಮಾತ್ರ ಪ್ರತಿ ಸಲವೂ ಹೊಸ ಪರಿಚಯ.

ವಿನಾಯಿತಿಯೂ ಬಿಟ್ಟಿ ಬರಲಿಲ್ಲ. ಇದು ರೋಸೇ ಹೌದು, ಇಷ್ಟೇ ಪ್ರಮಾಣ ಎಂದು ರಾಜ್ಯದ ತೋಟಗಾರಿಕೆ ಆಯುಕ್ತರು ಬರೆದುಕೊಡಬೇಕಿತ್ತು. ಮನುಷ್ಯರಿಗೆ ತಹಸೀಲ್ದಾರರು, ಈರುಳ್ಳಿಗೆ ಆಯುಕ್ತರು. ಬಣ್ಣದ ಲೆಕ್ಕವೂ ಇತ್ತು. 2024ರ ಏಪ್ರಿಲ್‌ನಲ್ಲಿ ಕೆಂಪು ಈರುಳ್ಳಿಗೆ ಗಡಿ ಮುಚ್ಚಿದ್ದಾಗ 2,000 ಟನ್ ಬಿಳಿ ಈರುಳ್ಳಿಗೆ ಬಾಗಿಲು ತೆರೆಯಿತು, ಗುಜರಾತಿನ ತೋಟಗಾರಿಕೆ ಆಯುಕ್ತರ ಪ್ರಮಾಣಪತ್ರದ ಮೇಲೆ. ವಧೂವರರ ಜಾಹೀರಾತಿನಲ್ಲಿ ಬೆಳ್ಳಗಿದ್ದವರಿಗೇ ಮಣೆ ಎಂದು ಬೈಯುತ್ತೇವೆ. ಈರುಳ್ಳಿಯಾಗಿ ಹುಟ್ಟಿದರೂ ತಪ್ಪಲಿಲ್ಲ ನೋಡಿ.

ಇಷ್ಟಕ್ಕೂ ದೆಹಲಿಗೆ ಈ ಹೆದರಿಕೆ ಏಕೆ ಎಂದರೆ, 1998ರಲ್ಲಿ ಅಲ್ಲಿನ ರಾಜ್ಯ ಸರ್ಕಾರವನ್ನೇ ಈರುಳ್ಳಿ ಉರುಳಿಸಿತ್ತು. ಅಂದಿನಿಂದ ಯಾವ ಪಕ್ಷ ಕುರ್ಚಿಯಲ್ಲಿದ್ದರೂ ತಳ್ಳುಗಾಡಿಯವನು ‘ಅರವತ್ತು’ ಎಂದ ತಕ್ಷಣ ಕೈ ಬಂದರಿನ ಚಿಲಕಕ್ಕೆ ಹೋಗುತ್ತದೆ. 2024ರ ಅಕ್ಟೋಬರ್‌ನಲ್ಲಂತೂ ನಾಸಿಕ್ ಜಿಲ್ಲೆಯ ಲಾಸಲಗಾಂವ್‌ನಿಂದ ದೆಹಲಿಗೆ 1,600 ಟನ್ ಈರುಳ್ಳಿ ರೈಲು ಹತ್ತಿ ಹೋಯಿತು. ಹೆಸರು ಕಾಂದಾ ಎಕ್ಸ್‌ಪ್ರೆಸ್. ದೀಪಾವಳಿಗೆ ಊರಿಗೆ ಹೋಗಲು ತತ್ಕಾಲ್ ಸಿಗದೆ ಒದ್ದಾಡುವವರಿಗೆ ಇದರಲ್ಲಿ ಪಾಠವಿದೆ: ಮುಂದಿನ ಜನ್ಮದಲ್ಲಿ ನಾಸಿಕ್ ಕಡೆ ಹುಟ್ಟಿ, ಚೆನ್ನಾಗಿ ಒಣಗಿ, ಗೋಣಿಚೀಲ ಸೇರಿಕೊಳ್ಳಿ.

ಆದರೆ ಚಿಲಕ ಹಾಕಿದರೆ ಬೆಲೆ ಇಳಿಯುವುದು ಎಲ್ಲಿ? ಏಪ್ರಿಲ್‌ನಲ್ಲಿ ಕಿತ್ತ ಹಿಂಗಾರಿನ ಗೆಡ್ಡೆ ಗಾಳಿಯಾಡುವ ಶೆಡ್ಡಿನಲ್ಲಿ ನಾಲ್ಕೈದು ತಿಂಗಳು ಇರುತ್ತದೆ. ಸೊರಗುತ್ತದೆ, ಮೊಳೆಯುತ್ತದೆ, ಕೊಳೆಯುತ್ತದೆ. ಆಗಸ್ಟ್ ಹೊತ್ತಿಗೆ ಉಳಿದದ್ದು ಕಡಿಮೆ, ಹಾಗಾಗಿ ಬೆಲೆ ಏರುತ್ತದೆ. ಆಗಲೇ ಸುಂಕ ಬೀಳುತ್ತದೆ. ಸುಂಕದ ಏಟು ಹಳೆಯ ದಾಸ್ತಾನಿಗಿಂತ ಹೆಚ್ಚಾಗಿ ತಗಲುವುದು ಆಮೇಲೆ ಬರುವ ಚಿತ್ರದುರ್ಗ, ಗದಗ, ಹಾವೇರಿ ಕಡೆಯ ಮುಂಗಾರಿನ ಉಳ್ಳಾಗಡ್ಡಿಗೆ. ಅದರ ಸಿಪ್ಪೆ ತೆಳು, ನೀರು ಜಾಸ್ತಿ, ಕಾದಿಡಲು ಬರುವುದಿಲ್ಲ. ಮಂಡಿಯಲ್ಲಿ ಎಷ್ಟು ಕೂಗಿದರೆ ಅಷ್ಟಕ್ಕೇ ಕೊಟ್ಟು ಬರಬೇಕು.

ಮಂಡಿಯಲ್ಲಿ ರಾತ್ರೋರಾತ್ರಿ ಬಿದ್ದ ಬೆಲೆ ನಿಮ್ಮ ಬೀದಿಗೆ ನಡೆದುಕೊಂಡು ಬರುತ್ತದೆ, ಅದೂ ಕುಂಟುತ್ತಾ. 50 ಕೆಜಿ ಮೂಟೆ ಬಿಚ್ಚಿದರೆ ಮಣ್ಣು, ಸಿಪ್ಪೆ, ಕೊಳೆತದ್ದೆಂದು ನಾಲ್ಕೈದು ಕೆಜಿ ಆಚೆಗೆ. ಹಮಾಲಿ, ಬಾಡಿಗೆ, ಕಮಿಷನ್, ಡೀಸೆಲ್ ಇವಕ್ಕೆ ಯಾರೂ ಅಧಿಸೂಚನೆ ಹೊರಡಿಸಿಲ್ಲ. ಹೋದ ವಾರದ ದುಬಾರಿ ಮಾಲು ಖಾಲಿಯಾಗುವವರೆಗೂ ಗಾಡಿಯವನು ಹಳೆಯ ರೇಟೇ ಹೇಳುತ್ತಾನೆ. ಅವನ ತಪ್ಪೇನಿದೆ?

ಇನ್ನು 2024ರ ಮೇ 4ರ ಔದಾರ್ಯ. ನಿಷೇಧ ಎತ್ತಿದರು, ಕೈ ಎತ್ತಿ ನಮಸ್ಕರಿಸೋಣ. ಷರತ್ತು: ಟನ್ನಿಗೆ ಕನಿಷ್ಠ 550 ಡಾಲರ್ ಬೆಲೆ, ಮೇಲೆ ಶೇ 40 ಸುಂಕ. ಡಾಲರಿಗೆ ₹83 ಹಿಡಿದರೆ ಕೆಜಿಗೆ ₹45.65, ಸುಂಕ ₹18.26. ಹಡಗಿನ ಬಾಡಿಗೆ ಸೇರುವ ಮೊದಲೇ ಹತ್ತಿರಹತ್ತಿರ ₹64. ಬಾಗಿಲು ತೆರೆದಿದೆ, ಹೊಸ್ತಿಲು ಮಾತ್ರ ಎದೆಮಟ್ಟ. ಕೊಳ್ಳುವವನು ಪಾಕಿಸ್ತಾನಕ್ಕೋ ಈಜಿಪ್ಟಿಗೋ ಫೋನ್ ಮಾಡುತ್ತಾನೆ. ಒಮ್ಮೆ ಅಲ್ಲಿ ಖಾತೆ ತೆರೆದವನು, ನಮ್ಮ ಚಿಲಕ ಸಡಿಲವಾಯಿತೆಂದು ಓಡಿಬರುವುದಿಲ್ಲ.

ಸಾಕು, ತಮಾಷೆ ಮಾಡಿಯೂ ಸುಸ್ತಾಗಿದೆ. ಬೆಲೆ ಏರಿದಾಗ ರೈತನ ಕೈ ಹಿಡಿದು ಎಳೆಯಲು ಒಂದು ಸಂಜೆ ಸಾಕು. ಬಿದ್ದಾಗ ಸಮಿತಿ, ವರದಿ, ಪರಿಶೀಲನೆ. 40 ಇದ್ದ ಸುಂಕ 2024ರ ಸೆಪ್ಟೆಂಬರ್‌ನಲ್ಲಿ 20 ಆಯಿತು, 2025ರ ಏಪ್ರಿಲ್ 1ಕ್ಕೆ ಹೋಯಿತು. ಅಷ್ಟರಲ್ಲಿ ಎಷ್ಟು ಬೆಳೆ ಬಂದು ಹೋಯಿತು ಎಂದು ಎಣಿಸಿ. ನಷ್ಟ ಯಾರದು? ಗ್ರಾಹಕನ ಹೆಸರಿನಲ್ಲಿ ರೈತನ ಜೇಬಿಗೆ ಕೈ ಹಾಕಿದರಲ್ಲ, ಗ್ರಾಹಕನಿಗೆ ಮುಟ್ಟಿದ್ದಾದರೂ ಎಷ್ಟು? ಇದನ್ನು ಲೆಕ್ಕ ಹಾಕಿ ಹೇಳುವ ಸೌಜನ್ಯವೂ ಬೇಡವೇ?

ಚಿಕ್ಕಬಳ್ಳಾಪುರದ ಕಡೆ ರೋಸ್ ನಾಟಿ ಮಾಡುವವರು ಈಗ ಮೋಡ ನೋಡುವುದಕ್ಕಿಂತ ಮೊಬೈಲ್ ನೋಡುವುದೇ ಹೆಚ್ಚು. ಮೋಡಕ್ಕಾದರೂ ಒಂದು ಋತುವಿದೆ.