ಮರಿಗಳ ಜಂತುಬಾಧೆ: ಪೂರಕ ಆಹಾರದಲ್ಲಿ ಪ್ರೋಟೀನ್ ಮುಖ್ಯ
ಜಂತುಹುಳುವಿನ ಔಷಧಿಯ ಜೊತೆಗೆ ಮೇಕೆಮರಿಗಳಿಗೆ ಪೂರಕ ಆಹಾರವನ್ನೂ ಕೊಡಬೇಕೆಂದು ನಾನು ಓದಿದ ಲೇಖನವೊಂದು ನೀಡಿದ ಸಲಹೆ ಸರಿಯಾಗಿದೆ. ಆದರೆ ಆ ಆಹಾರದಲ್ಲಿನ ಪ್ರೋಟೀನಿನ ಬಗ್ಗೆ ಇನ್ನಷ್ಟು ಒತ್ತು ಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ಹೀಮಾಂಕಸ್ ಎಂಬ ಜಂತುಹುಳು ಮೇಕೆಯ ನಾಲ್ಕನೇ ಜಠರದ ಗೋಡೆಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಒಂದು ಹುಳುವಿನಿಂದ ದಿನಕ್ಕೆ ನಷ್ಟವಾಗುವುದು ಸುಮಾರು 0.05 ಮಿಲಿಲೀಟರ್ ಮಾತ್ರವಾದರೂ, ಸಾವಿರ ಹುಳುಗಳಿದ್ದರೆ ಎಳೆಯ ಮರಿಯು ದಿನವೊಂದಕ್ಕೆ 50 ಮಿಲಿಲೀಟರ್‌ನಷ್ಟು ರಕ್ತವನ್ನೂ, ಅದರ ಜೊತೆಗೆ ಪ್ರೋಟೀನ್ ಮತ್ತು ಕಬ್ಬಿಣಾಂಶವನ್ನೂ ಕಳೆದುಕೊಳ್ಳುತ್ತದೆ. ಹಾಲು ಬಿಟ್ಟ ಹೊಸತರಲ್ಲಿ ಮೈ ಬೆಳೆಯುವುದಕ್ಕೆ, ಹೋದ ರಕ್ತ ತುಂಬಿಕೊಳ್ಳುವುದಕ್ಕೆ, ಹುಳುಗಳ ವಿರುದ್ಧ ನಿರೋಧಕ ಶಕ್ತಿ ಬೆಳೆಸಿಕೊಳ್ಳುವುದಕ್ಕೆ, ಹೀಗೆ ಮೂರಕ್ಕೂ ಪ್ರೋಟೀನೇ ಬೇಕಾಗುವುದರಿಂದ, ಬರೀ ಧಾನ್ಯದ ನುಚ್ಚು ಹಾಕುವುದಕ್ಕಿಂತ ಅದಕ್ಕೆ ಎಣ್ಣೆಕಾಳಿನ ಹಿಂಡಿ ಬೆರೆಸಿ ಕೊಡುವುದು ಮೇಲು. ಪ್ರಮಾಣವನ್ನು ಒಮ್ಮೆಲೇ ಏರಿಸದೆ ಹಂತಹಂತವಾಗಿ ಹೆಚ್ಚಿಸಬೇಕು. ಗೋದಲಿಯನ್ನು ನೆಲದಿಂದ ಎತ್ತರದಲ್ಲಿಡುವುದೂ ಅಷ್ಟೇ ಅಗತ್ಯ. ಇಲ್ಲವಾದರೆ ಮರಿಗಳು ಅದರೊಳಗೇ ನಿಂತು ಹಿಕ್ಕೆ ಹಾಕಿ, ಕಾಕ್ಸಿಡಿಯಾ ಎಂಬ ಕರುಳಿನ ಸೂಕ್ಷ್ಮ ಪರೋಪಜೀವಿಯ ಸೋಂಕಿಗೆ ದಾರಿಯಾಗುತ್ತದೆ.

ಕೆಳರೆಪ್ಪೆಯ ಒಳಭಾಗ ಬಿಳಿಚಿಕೊಂಡು, ದವಡೆಯ ಕೆಳಗೆ ನೀರು ತುಂಬಿದಂತೆ ಊದಿಕೊಂಡಿರುವ ಮರಿಗೆ ಮಾತ್ರ ಮೇವಿನ ಉಪಚಾರವೊಂದನ್ನೇ ನಂಬಿ ಕೂರಬಾರದು. ತಡಮಾಡದೆ ಪಶುವೈದ್ಯರಿಗೆ ತೋರಿಸಿ ಔಷಧಿ ಕೊಡಿಸಲೇಬೇಕು.