ಸಣ್ಣ ಬೋರಿನ ಕೋವಿಗೆ ದೊಡ್ಡ ತೋಟಾ ಏಕೆ ಬೇಕು?

ಮೊನ್ನೆ ಶಿರಸಿಯಲ್ಲಿ ಅಕ್ಕನ ಮನೆಯ ಮದುವೆಯ ಊಟ ಮುಗಿಸಿ ಜಗಲಿಯಲ್ಲಿ ಕುಳಿತಿದ್ದಾಗ, ಇಂಗ್ಲೆಂಡಿನಿಂದ ಬಂದಿದ್ದ ಅಳಿಯ ತನ್ನ ಫೋನಿನಲ್ಲಿ ಒಂದು ವಿಡಿಯೊ ತೋರಿಸಿದ. ಮರಗಳ ನೆತ್ತಿಯ ಮೇಲಿಂದ ಒಂದು ಫೆಸೆಂಟ್ ಹುಂಜ ಎತ್ತರದಲ್ಲಿ ಹಾರಿ ಬರುತ್ತದೆ, ಈಡು ಕೇಳಿಸುತ್ತದೆ, ನಾಲ್ಕು ಗರಿ ಉದುರುತ್ತವೆ, ಹಕ್ಕಿಯ ಒಂದು ಕಾಲು ಕೆಳಗೆ ಜೋತುಬೀಳುತ್ತದೆ. ಆದರೂ ಅದು ರೆಕ್ಕೆ ಬಿಚ್ಚಿಕೊಂಡೇ ಬೇಲಿಯಾಚೆಗೆ ತೇಲಿ ಹೋಗುತ್ತದೆ. "ಮಾವ, ಇದು 28 ಬೋರಿನ ಕೋವಿ. 28 ಗ್ರಾಂ ಚರೆಯ ತೋಟಾ ಹಾಕಿದ್ದೆ. 12 ಬೋರಿಗೆ ಏನೂ ಕಡಿಮೆಯಿಲ್ಲ ನೋಡಿ" ಎಂದ. (ಚರೆ ಎಂದರೆ ತೋಟಾದೊಳಗಿನ ಸಣ್ಣ ಗುಂಡುಗಳು. 28 ಬೋರಿನ ನಳಿಗೆ 12ರದ್ದಕ್ಕಿಂತ ಸಣ್ಣದು.) ಮದುವೆಮನೆಯಲ್ಲಿ ಎಷ್ಟು ಹೇಳಬಹುದೋ ಅಷ್ಟನ್ನು ಅವನಿಗೆ ಅಲ್ಲೇ ಹೇಳಿದೆ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ, ಏಕೆಂದರೆ ಈ ಹುಚ್ಚು ಅವನೊಬ್ಬನದಲ್ಲ.

ನನ್ನ ಹಿನ್ನೆಲೆಯನ್ನು ಮೊದಲು ಹೇಳಿಬಿಡುತ್ತೇನೆ. ಅಜ್ಜನ ಕಾಲದಿಂದ ನಮ್ಮ ಮನೆಯಲ್ಲಿದ್ದದ್ದು ಬೆಳೆ ರಕ್ಷಣೆಯ ಲೈಸೆನ್ಸಿನ 12 ಬೋರಿನ ಜೋಡುನಳಿಗೆ ಕೋವಿ. ತೋಟಾಗಳನ್ನು ಲೈಸೆನ್ಸ್ ಪುಸ್ತಕದಲ್ಲಿ ಬರೆಸಿ ತರಬೇಕಾಗಿದ್ದ ಆ ಮನೆಯಲ್ಲಿ ಒಂದು ಈಡನ್ನೂ ಯಾರೂ ಸುಮ್ಮನೆ ಹಾರಿಸುತ್ತಿರಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ನಮ್ಮಲ್ಲಿ ಶಿಕಾರಿಯ ಮಾತೇ ಇಲ್ಲ, ಇರಲೂ ಬಾರದು. ಆದ್ದರಿಂದ ಮುಂದಿನ ಮಾತೆಲ್ಲ ಅದು ಕಾನೂನುಬದ್ಧವಾಗಿರುವ ಇಂಗ್ಲೆಂಡಿಗೆ ಸಂಬಂಧಿಸಿದ್ದು. ಯಾರ್ಕ್‌ಶೈರ್‌ನಲ್ಲಿ ಕೆಲಸಕ್ಕಿದ್ದ ವರ್ಷಗಳಲ್ಲಿ ನಾನು ಅಲ್ಲಿ ಹಕ್ಕಿ ಸೋವುವವರ ಸಾಲಿನಲ್ಲಿ ನಡೆದಿದ್ದೇನೆ, ಋತುವಿನ ಕೊನೆಗೆ ಆ ಸಾಲಿನವರಿಗೆಂದೇ ಬಿಟ್ಟುಕೊಡುವ ದಿನದಲ್ಲಿ ಕೋವಿಯನ್ನೂ ಹಿಡಿದಿದ್ದೇನೆ.

ಬೋರಿನ ಸಂಖ್ಯೆ ಹೆಚ್ಚಿದಂತೆ ನಳಿಗೆ ಸಣ್ಣದಾಗುತ್ತದೆ. ನಳಿಗೆಯ ಬಾಯಿಗೆ ಸರಿಹೊಂದುವ ಎಷ್ಟು ಸೀಸದ ಗುಂಡುಗಳು ಸೇರಿ ಒಂದು ಪೌಂಡ್ ತೂಗುತ್ತವೆಯೋ ಅದೇ ಆ ಕೋವಿಯ ಬೋರು. 12 ಬೋರಿನ ಒಳವ್ಯಾಸ ಸುಮಾರು 18.5 ಮಿಲಿಮೀಟರ್, 20ರದ್ದು 15.6, 28ರದ್ದು 14. ಇಂಚಿನ ಅಳತೆಯಿಂದಲೇ ಹೆಸರು ಪಡೆದ .410ರದ್ದು 10.4. ಹಳೆಯ ಇಂಗ್ಲಿಷ್ ಪದ್ಧತಿಯಲ್ಲಿ 28 ಬೋರಿಗೆ ತುಂಬುತ್ತಿದ್ದದ್ದು ಬರಿಯ 16 ಗ್ರಾಂ ಚರೆ, 20 ಬೋರಿಗೆ 23 ಗ್ರಾಂ. ಮದ್ದು ಸುಧಾರಿಸಿ ಪ್ಲಾಸ್ಟಿಕ್ ವ್ಯಾಡ್ (ಮದ್ದಿಗೂ ಚರೆಗೂ ನಡುವೆ ಕೂರುವ ಬಟ್ಟಲಿನಂಥ ತಡೆ) ಬಂದ ಮೇಲೆ 28 ಬೋರಿಗೆ 21 ಗ್ರಾಂ ಸಾಮಾನ್ಯವಾಯಿತು, ಅದು ಒಪ್ಪತಕ್ಕ ಬದಲಾವಣೆಯೇ. ಆದರೆ ಅಲ್ಲಿಂದ 28 ಗ್ರಾಮಿಗೆ ಏರುವುದೆಂದರೆ, 12 ಬೋರಿನಲ್ಲಿ ಗಿಡ್ಡಗೆ ಅಗಲವಾಗಿ ಕೂರುವ ಅಷ್ಟೇ ಚರೆಯನ್ನು ಒಂದೂಮುಕ್ಕಾಲು ಪಟ್ಟು ಎತ್ತರದ ಕಂಬವಾಗಿ ನಿಲ್ಲಿಸುವುದು. ಮದ್ದು ಹೊತ್ತಿಕೊಂಡ ಕ್ಷಣದಲ್ಲಿ ಆ ಇಡೀ ಕಂಬದ ಭಾರ ತಳದ ಚರೆಗಳ ಮೇಲೆ ಬೀಳುತ್ತದೆ. ಸೀಸ ಮೆತ್ತಗಿನ ಲೋಹ. ದುಂಡಗಿದ್ದದ್ದು ಚಪ್ಪಟೆಯಾಗುತ್ತದೆ, ಚಪ್ಪಟೆಯಾದದ್ದು ಗಾಳಿಯಲ್ಲಿ ನೆಟ್ಟಗೆ ಸಾಗದೆ ಅತ್ತಿತ್ತ ಹೊರಳುತ್ತದೆ, ಇಲ್ಲವೇ ವೇಗ ಕಳೆದುಕೊಂಡು ಹಿಂದೆ ಉಳಿಯುತ್ತದೆ. ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ಗ್ರಾಂ ನಳಿಗೆಯಿಂದ ಹೊರಡುತ್ತದೆ ನಿಜ, ಅದರಲ್ಲಿ ಹಕ್ಕಿಯವರೆಗೆ ಹೋಗಿ ಕೆಲಸಕ್ಕೆ ಬರುವುದೆಷ್ಟು ಎಂಬುದು ಬೇರೆಯೇ ಪ್ರಶ್ನೆ.

ಇದನ್ನು ನಾನು ಊಹಿಸಿ ಹೇಳುತ್ತಿಲ್ಲ. 40 ಗಜ ದೂರದಲ್ಲಿ ದೊಡ್ಡ ಬಿಳಿ ಹಾಳೆ ಕಟ್ಟಿ ಹೊಡೆದು, ತೂತುಗಳು ಹೆಚ್ಚು ಒತ್ತಾಗಿರುವ ಕಡೆ 30 ಇಂಚಿನ ವೃತ್ತ ಎಳೆದು ಎಣಿಸಿದರೆ ಯಾರಿಗೂ ಕಾಣುತ್ತದೆ. ಭಾರದ ತೋಟಾದ ಹಾಳೆಯಲ್ಲಿ ಒಂದು ಮೂಲೆಯಲ್ಲಿ ತೂತುಗಳು ಒಂದರ ಮೇಲೊಂದು ಬಿದ್ದು ಕಾಗದವೇ ಹರಿದಿತ್ತು. ಅದರ ಪಕ್ಕದಲ್ಲೇ ಅಂಗೈ ಇಟ್ಟರೂ ಒಂದು ತೂತು ಮುಚ್ಚದಷ್ಟು ಖಾಲಿ ಜಾಗವಿತ್ತು. ಅಂಥ ಖಾಲಿ ಜಾಗದ ಅಂಚಿಗೆ ಸಿಕ್ಕಿದ ಹಕ್ಕಿಯದೇ ಆ ಜೋತುಬಿದ್ದ ಕಾಲು.

ಚರೆ ಹೆಚ್ಚು ಬೇಕೆನ್ನುವವರಿಗೆ ದಾರಿ ಇಲ್ಲವೆಂದಲ್ಲ, ಅದು ಗ್ರಾಮಿನಲ್ಲಿಲ್ಲ, ಚರೆಯ ನಂಬರಿನಲ್ಲಿದೆ. ಇಂಗ್ಲಿಷ್ ಅಳತೆಯ 6ನೇ ನಂಬರಿನ ಚರೆ 2.6 ಮಿಲಿಮೀಟರ್, ಔನ್ಸಿಗೆ 270. 7ನೇ ನಂಬರು 2.4 ಮಿಲಿಮೀಟರ್, ಔನ್ಸಿಗೆ 340. ಅಂದರೆ 21 ಗ್ರಾಂ ತೋಟಾದಲ್ಲಿ 6ರ ಚರೆ ಇನ್ನೂರರಷ್ಟಿದ್ದರೆ, 7ರ ಚರೆ ಇನ್ನೂರೈವತ್ತರಷ್ಟಿರುತ್ತದೆ. ಫೆಸೆಂಟನ್ನು ಖಚಿತವಾಗಿ ಕೆಡವಲು ಆ ವೃತ್ತದೊಳಗೆ ಸುಮಾರು 120 ಚರೆ ಬೀಳಬೇಕು ಎಂಬುದು ಬಲ್ಲವರು ಹೇಳುವ ಲೆಕ್ಕ. ಚೋಕ್ ಎಂದರೆ ನಳಿಗೆಯ ಬಾಯಿಯ ಇರುಕು, ಅದು ಹೆಚ್ಚಿದಷ್ಟೂ ಚರೆ ಕಡಿಮೆ ಹರಡುತ್ತದೆ. 40 ಗಜದಲ್ಲಿ ಹಾಫ್ ಚೋಕ್ ನಳಿಗೆ ನೂರಕ್ಕೆ 60 ಚರೆಯನ್ನೂ, ಅದಕ್ಕಿಂತ ಸಡಿಲವಾದ ಇಂಪ್ರೂವ್ಡ್ ಸಿಲಿಂಡರ್ ನೂರಕ್ಕೆ 50ನ್ನೂ ವೃತ್ತದೊಳಗೆ ಹಾಕುತ್ತವೆ. ಗುಣಿಸಿ ನೋಡಿ: 6ನೇ ನಂಬರಿಗೆ ಹಾಫ್ ಚೋಕ್ ಬೇಕಾಗುವ ಕಡೆ 7ನೇ ನಂಬರಿಗೆ ಇಂಪ್ರೂವ್ಡ್ ಸಿಲಿಂಡರೇ ಸಾಕಾಗುತ್ತದೆ. ಒಂದು ಗ್ರಾಮನ್ನೂ ಹೆಚ್ಚಿಸದೆ ಐವತ್ತು ಚರೆ ಸಿಗುವಾಗ, ಆ ಪಾಪದ ನಳಿಗೆಗೆ ಏಕೆ ತುರುಕಬೇಕು?

7ನೇ ನಂಬರಿನ ಒಂದೊಂದು ಚರೆಯೂ ಹಗುರ, ಆದ್ದರಿಂದ ದೂರಕ್ಕೆ ಅದರ ಪೆಟ್ಟು ಬೇಗ ಕುಗ್ಗುತ್ತದೆ ಎಂಬುದು ನನಗೂ ಗೊತ್ತು. ಹಾಗಾಗಿಯೇ 28 ಬೋರನ್ನು 35 ಗಜದೊಳಗಿನ ಕೋವಿ ಎಂದು ತಿಳಿದು ಹಿಡಿಯಬೇಕು. ಚರೆಗೆ ತಾನು ಯಾವ ನಳಿಗೆಯಿಂದ ಹೊರಟೆ ಎಂಬುದು ತಿಳಿದಿರುವುದಿಲ್ಲ. ಒಂದೇ ನಂಬರಿನ ಚರೆ ಒಂದೇ ವೇಗದಲ್ಲಿ ತಾಗಿದರೆ ಪೆಟ್ಟು ಒಂದೇ. ಸಣ್ಣ ಕೋವಿಯ ಕೊರತೆ ಬಲದ್ದಲ್ಲ, ಸಂಖ್ಯೆಯದು, ಮತ್ತು ಹತ್ತಿರದಲ್ಲಿ ಆ ಕೊರತೆ ಕೊರತೆಯೇ ಅಲ್ಲ.

ಈಗ ಯಾರೋ ಬರೆಯುತ್ತಾರೆ: ಇಂದಿನ ಚರೆಗೆ ಆಂಟಿಮನಿ ಬೆರೆಸಿ ಗಟ್ಟಿ ಮಾಡುತ್ತಾರೆ, ವ್ಯಾಡಿನ ಬಟ್ಟಲು ಚರೆಯನ್ನು ನಳಿಗೆಗೆ ಉಜ್ಜದಂತೆ ಕಾಯುತ್ತದೆ, ಎತ್ತರದ ಹಕ್ಕಿಗಳನ್ನೇ ಹುಡುಕಿಕೊಂಡು ಹೋಗುವ ನಿಪುಣರು 20 ಬೋರಿನಲ್ಲಿ 30 ಗ್ರಾಂ ಹಾಕಿ ಚೆನ್ನಾಗಿಯೇ ಹೊಡೆಯುತ್ತಾರೆ ಎಂದು. 20 ಬೋರಿನ ಮಟ್ಟಿಗೆ, 76 ಮಿಲಿಮೀಟರ್ ಚೇಂಬರಿನ (ತೋಟಾ ಕೂರುವ ಗೂಡಿನ) ಭಾರದ ಕೋವಿಯಾದರೆ, ಇದನ್ನು ಅಷ್ಟಿಷ್ಟು ಒಪ್ಪುತ್ತೇನೆ. ಆದರೆ ಕೋವಿ ಚರೆಯ 96 ಪಟ್ಟು ತೂಗಬೇಕು ಎಂದು ಇಂಗ್ಲೆಂಡಿನ ಕೋವಿ ತಯಾರಕ ಗ್ರೀನರ್ ಹೇಳಿದ ಹಳೆಯ ಸೂತ್ರ ಇಂದಿಗೂ ಸುಳ್ಳಾಗಿಲ್ಲ. 28 ಗ್ರಾಂ ಚರೆಗೆ ಹತ್ತಿರಹತ್ತಿರ 2.7 ಕಿಲೋ ತೂಕದ ಕೋವಿ ಬೇಕು. ಅಳಿಯನ ಕೋವಿ ಎರಡೂವರೆ ಕಿಲೋವನ್ನೂ ಮುಟ್ಟುವುದಿಲ್ಲ. ಭುಜಕ್ಕೆ ಒದೆ ಬಿದ್ದಾಗ ಎರಡನೆಯ ಈಡಿಗೆ ಕಣ್ಣು ಮುಚ್ಚಿಕೊಳ್ಳುತ್ತದೆ, ಕೆನ್ನೆ ಹಿಡಿಯಿಂದ ಮೇಲೇಳುತ್ತದೆ. ಹಗುರವಾಗಿದೆ, ಕೈಗೆ ಚುರುಕಾಗಿ ಬರುತ್ತದೆ ಎಂದು ಮೆಚ್ಚಿ ಕೊಂಡ ಕೋವಿಯ ಆ ಗುಣವನ್ನೇ ತೋಟಾದಿಂದ ಕೆಡಿಸಿಕೊಳ್ಳುವವರ ವಾದಕ್ಕೆ ನಿಪುಣರ ಹೆಸರು ಆಸರೆಯಾಗುವುದಿಲ್ಲ.

ನನ್ನ ಸಿಟ್ಟಿನ ಮೂಲ ಇನ್ನೊಂದಿದೆ. ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿ ಮನುಷ್ಯನಿಗೆ ಇಲ್ಲದ ಧೈರ್ಯ ಕೊಡುತ್ತದೆ. 21 ಗ್ರಾಂ ತೋಟಾ ನಳಿಗೆಯಲ್ಲಿದ್ದಿದ್ದರೆ ಅವನು ಆ ಹುಂಜವನ್ನು ಬಿಟ್ಟುಬಿಡುತ್ತಿದ್ದ. 28 ಗ್ರಾಂ ಇದೆಯೆಂದೇ ಐವತ್ತು ಗಜದ ಹಕ್ಕಿಗೆ ಕೋವಿ ಎತ್ತಿದ. ಇಳಿಬೆಳಕಿನಲ್ಲಿ ನಾಯಿಗಳ ಹಿಂದೆ ನಡೆದು ಗಾಯಗೊಂಡ ಹಕ್ಕಿಗಳನ್ನು ಹುಡುಕಿದವನು ನಾನು. ರೆಕ್ಕೆ ಮುರಿದು ಮುಳ್ಳುಪೊದೆಯ ಬುಡಕ್ಕೆ ನುಗ್ಗಿ ಅಲುಗಾಡದೆ ಕೂತಿರುವ ಹಕ್ಕಿಯ ಕಣ್ಣನ್ನು ಹತ್ತಿರದಿಂದ ನೋಡಿದವನಿಗೆ "ತಾಗಿತು, ಆದರೆ ಹೋಯಿತು" ಎಂಬ ಮಾತನ್ನು ಕೇಳಿಸಿಕೊಳ್ಳಲು ಆಗುವುದಿಲ್ಲ. ನನಗಂತೂ ಇಂದಿಗೂ ಆಗುವುದಿಲ್ಲ.

ಮುಂದೆ ಈ ಚಾಳಿ ಇನ್ನೂ ಹೆಚ್ಚೀತೆಂಬ ಭಯವೂ ಇದೆ. ಸೀಸದ ಚರೆಯನ್ನು ನಿಷೇಧಿಸುವುದಾಗಿ ಬ್ರಿಟನ್ ಸರ್ಕಾರ 2025ರ ಜುಲೈನಲ್ಲಿ ಘೋಷಿಸಿದೆ. ಅದಕ್ಕೆ ನನ್ನ ತಕರಾರಿಲ್ಲ, ಸೀಸ ವಿಷ. ಆದರೆ ಉಕ್ಕಿನ ಸಾಂದ್ರತೆ 7.8, ಸೀಸದ್ದು 11.3, ಅಷ್ಟೇ ಪೆಟ್ಟು ಬೀಳಲು ಉಕ್ಕಿನ ಚರೆ ಎರಡು ನಂಬರಿನಷ್ಟು ದಪ್ಪವಿರಬೇಕು, ಅದಕ್ಕೆ ಜಾಗವೂ ಹೆಚ್ಚು ಬೇಕು, ಸಣ್ಣ ತೋಟಾದಲ್ಲಿ ಇಲ್ಲದ್ದು ಅದೊಂದೇ. ಆಗಲೂ ಜನ ತುಂಬುವುದಕ್ಕೇ ಹೊರಡುತ್ತಾರೆ. ಸಾಂದ್ರತೆಯಲ್ಲಿ ಸೀಸಕ್ಕೆ ಹತ್ತಿರವಿರುವ ಬಿಸ್ಮತ್ ದುಬಾರಿಯಾದರೂ ಸಣ್ಣ ಬೋರಿಗೆ ಅದೇ ಸರಿ.

ಅಳಿಯ ಮುಂದಿನ ವಾರ ಹಿಂತಿರುಗುತ್ತಾನೆ, ಅಲ್ಲಿ ಫೆಸೆಂಟ್ ಋತು ತೆರೆಯುವುದು ಅಕ್ಟೋಬರ್ 1ಕ್ಕೆ. ಅಷ್ಟರೊಳಗೆ 21 ಗ್ರಾಮಿನಲ್ಲಿ 6 ಮತ್ತು 7ನೇ ನಂಬರಿನ ಒಂದೊಂದು ಪೆಟ್ಟಿಗೆ ತಂದು, ಎರಡೂ ನಳಿಗೆಯಿಂದ 30 ಗಜಕ್ಕೂ 40 ಗಜಕ್ಕೂ ಹಾಳೆಯ ಮೇಲೆ ಹೊಡೆದು, ಎಣಿಸಿ, ಫೋಟೊ ಕಳಿಸು ಎಂದಿದ್ದೇನೆ. 28 ಗ್ರಾಮೇ ಬೇಕೆಂದು ಹಟವಿದ್ದರೆ ಅವನ ಬೀರುವಿನಲ್ಲಿ 12 ಬೋರಿನ ಕೋವಿ ಇದೆ, ಅದನ್ನು ಒಯ್ಯಲಿ.