ಸೋಲಾರ್ ಹಾಕಿದ ಮಾತ್ರಕ್ಕೆ ಗ್ರೀನ್ ಬಿಲ್ಡಿಂಗ್ ಆಗಲ್ಲ: ಒಂದು ಸ್ಪಷ್ಟನೆ

"ತಾರಸಿ ಮೇಲೆ ಸೋಲಾರ್ ಹಾಕಿಸಿ, ನಿಮ್ಮ ಮನೆ ಗ್ರೀನ್ ಬಿಲ್ಡಿಂಗ್. ಬೇರೆ ಲೆಕ್ಕ ಬೇಡ" ಅನ್ನೋ ಮೆಸೇಜ್ ಮೈಸೂರಿನ ಬಡಾವಣೆಗಳ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ಅರ್ಧ ಸತ್ಯ. ಗ್ರೀನ್ ಬಿಲ್ಡಿಂಗ್ ಅಂದರೆ ವಿದ್ಯುತ್ತನ್ನೇ ಕಡಿಮೆ ಬಳಸುವ, ಪರಿಸರಕ್ಕೆ ಹೊರೆಯಾಗದ ಕಟ್ಟಡ.

ಸೋಲಾರ್ ಕರೆಂಟ್ ಬಿಲ್ ಇಳಿಸುತ್ತದೆ, ಮನೆಯ ವಿದ್ಯುತ್ ಬಳಕೆಯನ್ನಲ್ಲ. 150 ಚದರ ಮೀಟರ್ ಮನೆ ವರ್ಷಕ್ಕೆ 6,000 ಯೂನಿಟ್ ಬಳಸಿದರೆ, ಚದರ ಮೀಟರಿಗೆ 40 ಯೂನಿಟ್. ಮೂರು ಕಿಲೋವ್ಯಾಟ್ ಪ್ಯಾನೆಲ್ ಸುಮಾರು 4,000 ಯೂನಿಟ್ ಕೊಡಬಹುದು. ಆದರೂ ಬಳಕೆ ಅದೇ 40 ಅಲ್ವಾ? ಗುರಿ ಇಡಬೇಕಾದ್ದು ಈ ಸಂಖ್ಯೆಯನ್ನು ಇಳಿಸೋಕೆ. ಅದೂ ನಕ್ಷೆ ಬರೆಸುವಾಗಲೇ.

ಯಾಕೆಂದರೆ ಏಪ್ರಿಲ್ ಮಧ್ಯಾಹ್ನ ಪಶ್ಚಿಮದ ಗೋಡೆಯಲ್ಲಿ ನೆರಳಿಲ್ಲದ ದೊಡ್ಡ ಗಾಜು ಇದ್ದರೆ ಆ ಕೋಣೆ ಸಂಜೆಯವರೆಗೂ ಬಿಸಿಯಾಗುತ್ತಲೇ ಇರುತ್ತದೆ, ಎಸಿ ಓಡುತ್ತಲೇ ಇರುತ್ತದೆ. ಸಜ್ಜಾ ಚಾಚಿಸಿ, ಕಿಟಕಿ ಸ್ವಲ್ಪ ಚಿಕ್ಕದು ಮಾಡಿದ್ದರೆ ಆಗುತ್ತಿತ್ತು. ಮನೆ ಎದ್ದ ಮೇಲೆ ಗೋಡೆ ಒಡೆಸೋಕೆ ಯಾರಿಗೆ ಮನಸ್ಸು ಬರುತ್ತದೆ!

ಕೇಂದ್ರದ 2018ರ ಇಕೋ ನಿವಾಸ್ ಸಂಹಿತೆ (ಮನೆಗಳಲ್ಲಿ ವಿದ್ಯುತ್ ಉಳಿಸುವ ನಿಯಮಾವಳಿ) ನೋಡುವುದೂ ಇದನ್ನೇ: ಚಳಿ ಪ್ರದೇಶ ಬಿಟ್ಟು ಬೇರೆಡೆ, ಗೋಡೆ-ಕಿಟಕಿಗಳಿಂದ ಒಳಬರುವ ಶಾಖ ಅವುಗಳ ಚದರ ಮೀಟರಿಗೆ ಸರಾಸರಿ 15 ವ್ಯಾಟ್ ಮೀರಬಾರದು. ಅದನ್ನು 500 ಚದರ ಮೀಟರ್ ಮತ್ತು ಮೇಲಿನ ನಿವೇಶನಗಳಿಗೆಂದು ಬರೆದಿದ್ದಾರೆ. ನಮ್ಮ 30x40 ಸೈಟಿಗೆ ಅದು ಅನ್ವಯಿಸಲ್ಲ. ಆದರೂ ಇಂಜಿನಿಯರ್ ಹತ್ತಿರ ಆ ಲೆಕ್ಕ ಕೇಳಬಹುದು.